ಪದವಿ ಪತ್ರದ ಬೆನ್ನಿಗೊಂದು ಅಪೋಸ್ಟಿಲ್

ವಿದೇಶಕ್ಕೆ ಹೊರಟ ಅನೇಕರು ಪದವಿ ಪ್ರಮಾಣಪತ್ರದ ಹಿಂಬದಿಗೆ ಅಂಟಿಸುವ ಅಪೋಸ್ಟಿಲ್ ಚೀಟಿಯನ್ನು ಓದಿಗೆ ಸಿಕ್ಕ ಮನ್ನಣೆಯೆಂದೇ ನಂಬುತ್ತಾರೆ. 1961ರ ಹೇಗ್ ಒಪ್ಪಂದದ ಪ್ರಕಾರ ಅದು ದೃಢಪಡಿಸುವುದು ಸಹಿ, ಸಹಿದಾರರ ಹುದ್ದೆ ಮತ್ತು ಮೊಹರನ್ನಷ್ಟೇ; ಪದವಿಯ ತೂಕವನ್ನು ಆಯಾ ದೇಶದ ಸಂಸ್ಥೆಗಳೇ ಅಳೆಯುತ್ತವೆ. ಹಾಗಾದರೆ ಈ ಚೀಟಿ ನೀಡುವ ವಿದೇಶಾಂಗ ಸಚಿವಾಲಯಕ್ಕೂ ಮುನ್ನ ರಾಜ್ಯ ಸರ್ಕಾರದ ದೃಢೀಕರಣ ಬರೀ ಅಲೆದಾಟವಲ್ಲವೇ ಎನ್ನಬಹುದು. ಅಲ್ಲ. ದೆಹಲಿಯ ಅಧಿಕಾರಿಗೆ ದೇಶದ ಎಲ್ಲ ಕುಲಸಚಿವರ ಸಹಿಯ ಗುರುತಿರುವುದು ಕಷ್ಟ. ರಾಜ್ಯದ ಅಧಿಕಾರಿಯ ಸಹಿಯನ್ನಾದರೆ ತಾಳೆ ನೋಡಬಹುದು. ನಕಲಿ ಪದವಿ ಸಿಕ್ಕಿಬೀಳಬೇಕಾದ ಜಾಗವೂ ಇದೇ. ಆದ್ದರಿಂದ ಈ ಹಂತವನ್ನು ತಪ್ಪಿಸಿಕೊಡುತ್ತೇವೆನ್ನುವ ದಲ್ಲಾಳಿಗಳ ಸಹವಾಸ ಖಂಡಿತ ಬೇಡ. ಭಾರತದಲ್ಲಿ ಒಪ್ಪಂದ ಜಾರಿಯಾದದ್ದು 2005ರಲ್ಲಿ, ಕೆನಡಾದಲ್ಲಿ 2024ರಲ್ಲಿ. ಒಪ್ಪಂದದ ಹೊರಗಿರುವ ದೇಶಗಳಿಗೆ ಸಚಿವಾಲಯದ ದೃಢೀಕರಣದ ಜೊತೆಗೆ ಅವುಗಳ ರಾಯಭಾರ ಕಚೇರಿಯ ಮೊಹರೂ ಬೇಕಾಗುತ್ತದೆ. ಅಂದಹಾಗೆ, ಮೂಲಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಮೊಹರಿನ ಶಾಯಿ ಹಿಡಿಯುವುದಿಲ್ಲ.