ಏಲಂ ಮನೆ: ಬಿಡ್ ಹಾಕುವ ಮೊದಲು ಲೆಕ್ಕ ಬರೆಯಿರಿ

ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಜಾಹೀರಾತೊಂದು ಆಗಾಗ ಬರುತ್ತದೆ. ಮೇಲೆ 'ಸ್ಥಿರಾಸ್ತಿ ಮಾರಾಟ ನೋಟೀಸು' ಎಂದಿರುತ್ತದೆ. ಸಾಲ ಮಾಡಿದವನ ಹೆಸರು, ಸರ್ವೆ ನಂಬರು, ಇಷ್ಟು ಸೆಂಟ್ಸ್ ಜಾಗ, ಅದರಲ್ಲಿರುವ ಮನೆ, ಮೀಸಲು ಬೆಲೆ, ಏಲಂ ದಿನಾಂಕ. ಮೊದಲು ಇದನ್ನು ಓದುವವರು ಕಡಿಮೆ ಇದ್ದರು. ಈಗ ಹಾಗಲ್ಲ. ಸರಕಾರಿ ಬ್ಯಾಂಕುಗಳ ಏಲಂ ಆಸ್ತಿಗಳೆಲ್ಲ 'ಬ್ಯಾಂಕ್‌ನೆಟ್' ಎಂಬ ಪೋರ್ಟಲಿನಲ್ಲಿ ಸಿಗುತ್ತವೆ, ಗಲ್ಫಿನಲ್ಲಿರುವ ಮಗ ರಾತ್ರಿ ಅಲ್ಲಿಂದಲೇ ನೋಡಿ ಊರಿಗೆ ಫೋನ್ ಮಾಡುತ್ತಾನೆ: "ಉಮ್ಮಾ, ಉಳ್ಳಾಲದಲ್ಲಿ ಒಂದು ಹಳೇ ಮನೆ ಉಂಟು, ಅರ್ಧ ರೇಟಿಗೆ ಹೋಗ್ತದೆ."

ಮದ್ರಸದ ಮಕ್ಕಳ ಹೆತ್ತವರು ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಉಸ್ತಾದ್, ಏಲಂ ಮನೆ ತೆಗೆದುಕೊಳ್ಳಬಹುದಾ?" ಏಲಂ ಎಂಬ ವ್ಯಾಪಾರ ನಮ್ಮಲ್ಲಿ ಹರಾಮಲ್ಲ. ಕೊಳ್ಳುವ ಮನಸ್ಸಿಲ್ಲದವನು ಬೆಲೆ ಏರಿಸಲಿಕ್ಕೆಂದೇ ಸುಳ್ಳು ಬಿಡ್ ಕೂಗುವುದು ನಿಷಿದ್ಧ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ: ಬ್ಯಾಂಕಿನ ಬಾಕಿ, ಖರ್ಚು ಎಲ್ಲ ಕಳೆದು ಏಲಂ ಹಣದಲ್ಲಿ ಉಳಿದದ್ದು ಕಾನೂನಿನ ಪ್ರಕಾರ ಹಳೇ ಮಾಲೀಕನಿಗೇ ಸೇರಬೇಕು. ಹಾಗಾಗಿ ನಾಲ್ಕು ಜನ ಮೊದಲೇ ಮಾತಾಡಿಕೊಂಡು ಬೆಲೆ ಅದುಮಿಟ್ಟರೆ ನಷ್ಟ ಬ್ಯಾಂಕಿಗೆ ಮಾತ್ರವಲ್ಲ, ಮನೆ ಕಳೆದುಕೊಂಡ ಆ ಕುಟುಂಬಕ್ಕೂ ಹೌದು. ಇಷ್ಟು ಹೇಳಿದ ಮೇಲೆ ನಾನು ತಿರುಗಿ ಕೇಳುತ್ತೇನೆ: ಒಟ್ಟು ಎಷ್ಟಾಗ್ತದೆ ಅಂತ ಬರೆದು ನೋಡಿದ್ದೀರಾ? ಬರೆದವರನ್ನು ನಾನು ಕಂಡದ್ದು ಕಡಿಮೆ.

ಬ್ಯಾಂಕುಗಳು ಹೆಚ್ಚಾಗಿ 2002ರ ಸರ್ಫೇಸಿ ಕಾಯ್ದೆಯ ಕೆಳಗೆ ಏಲಂ ಮಾಡುತ್ತವೆ. ನೋಟೀಸಿನಲ್ಲಿ ಒಂದು ಮಾತು ಇದ್ದೇ ಇರುತ್ತದೆ, 'ಇದ್ದಲ್ಲಿ ಇದ್ದ ಹಾಗೆ'. ಓದಲಿಕ್ಕೆ ಸಣ್ಣ ಮಾತು, ಅರ್ಥ ದೊಡ್ಡದು. ಮಾಡು ಸೋರಿದರೆ, ಗಡಿ ತಕರಾರಿದ್ದರೆ, ಕರೆಂಟು ಬಿಲ್ ಬಾಕಿಯಿದ್ದರೆ, ಒಳಗೆ ಜನ ಇದ್ದರೆ, ಎಲ್ಲ ನಿಮ್ಮದು. ಬ್ಯಾಂಕಿನವರು ಜವಾಬ್ದಾರರಲ್ಲ. ಮೀಸಲು ಬೆಲೆ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಹಣ ಕಟ್ಟುವ ಗಡುವೂ ಸಾಮಾನ್ಯ ವ್ಯಾಪಾರದಂತಲ್ಲ. ಸಾಮಾನ್ಯವಾಗಿ ಮೀಸಲು ಬೆಲೆಯ 10 ಶೇಕಡಾವನ್ನು ಮುಂಗಡ ಠೇವಣಿಯಾಗಿ ಮೊದಲೇ ಕಟ್ಟಬೇಕು. ಬಿಡ್ ನಿಮಗೆ ನಿಂತರೆ ಅದೇ ದಿನ, ತಪ್ಪಿದರೆ ಮರುದಿನದ ಬ್ಯಾಂಕ್ ಕೆಲಸದ ದಿನದೊಳಗೆ, ಠೇವಣಿಯೂ ಸೇರಿ ಒಟ್ಟು 25 ಶೇಕಡಾ ಕಟ್ಟಿ ಆಗಬೇಕು. ಮಾರಾಟ ಖಚಿತವಾದ 15 ದಿನದೊಳಗೆ ಉಳಿದ 75 ಶೇಕಡಾ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಈ ಅವಧಿ ಸ್ವಲ್ಪ ಮುಂದೆ ಹೋದೀತು, ಆದರೂ ಮೂರು ತಿಂಗಳಿನ ಆಚೆಗೆ ಇಲ್ಲ. ಕಟ್ಟದಿದ್ದರೆ? ಕಟ್ಟಿದ 25 ಶೇಕಡಾ ಹೋಯಿತು. ಹಾಗೆ ಮುಟ್ಟುಗೋಲು ಹಾಕಿಕೊಂಡದ್ದು ಸರಿಯೆಂದು 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ನಮ್ಮ ಮನೆಗಳಲ್ಲಿ ದುಡ್ಡು ಇರುವುದು ಒಂದೇ ಕಡೆ ಅಲ್ಲ. ಸ್ವಲ್ಪ ಬ್ಯಾಂಕಿನಲ್ಲಿ, ಸ್ವಲ್ಪ ಬಂಗಾರದಲ್ಲಿ, ಸ್ವಲ್ಪ ಅಣ್ಣನ ಅಂಗಡಿಯಲ್ಲಿ, ಸ್ವಲ್ಪ ಇನ್ನೂ ಎತ್ತದ ಚಿಟ್‌ನಲ್ಲಿ. ಬಡ್ಡಿ ಸಾಲ ಬೇಡ ಎನ್ನುವವರು ನೆಂಟರ ಕೈಸಾಲ ನಂಬಿ ಬಿಡ್ ಹಾಕುತ್ತಾರೆ. "ಕೊಡ್ತೇನೆ" ಎಂದ ಭಾವ 15 ದಿನದಲ್ಲಿ ಕೊಡ್ತಾರಾ, ಚಿಟ್ ಆ ತಿಂಗಳೇ ಎದ್ದೀತಾ? ಠೇವಣಿ ಕಟ್ಟುವ ದಿನವೇ ಪೂರ್ತಿ ಹಣ ಖಾತೆಯಲ್ಲಿ ಕಾಣಬೇಕು. ಕಾಣದಿದ್ದರೆ ಆ ಮನೆ ನಿಮ್ಮದಲ್ಲ ಅಂತ ಬಿಟ್ಟುಬಿಡಿ.

ನೋಟೀಸಿನಲ್ಲಿ ಇನ್ನೊಂದು ಶಬ್ದ ಹುಡುಕಬೇಕು: ಸ್ವಾಧೀನ 'ಸಾಂಕೇತಿಕ'ವೋ 'ಭೌತಿಕ'ವೋ? ಭೌತಿಕ ಎಂದರೆ ಬೀಗ ಬ್ಯಾಂಕಿನ ಕೈಯಲ್ಲಿದೆ. ಸಾಂಕೇತಿಕ ಎಂದರೆ ಗೋಡೆಗೆ ನೋಟೀಸು ಅಂಟಿಸಿದ್ದಾರೆ, ಒಳಗೆ ಒಲೆ ಇನ್ನೂ ಉರಿಯುತ್ತಿದೆ. ಅವರನ್ನು ಎಬ್ಬಿಸಲಿಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಬ್ಯಾಂಕಿನ ಕ್ರಮದ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗುವ ಹಕ್ಕು ಅವರಿಗೂ ಉಂಟು. ಇಂಥ ಮನೆಗೆ ಪೂರ್ತಿ ಹಣ ಕಟ್ಟಿ, ಕೀಲಿಕೈ ಸಿಗದೆ ಬಾಡಿಗೆ ಮನೆಯಲ್ಲೇ ಕೂತವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಇದ್ದ ಒಂದೇ ಉಳಿತಾಯದಲ್ಲಿ ತಲೆಗೊಂದು ಸೂರು ಹುಡುಕುವವರಿಗೆ ಸಾಂಕೇತಿಕ ಸ್ವಾಧೀನದ ಮನೆ ಬೇಡವೇ ಬೇಡ. ಕೇಸಿಗೆ ತಿರುಗಲಿಕ್ಕೆ ಹಣವೂ ಪುರುಸೊತ್ತೂ ಇದ್ದವರು ನೋಡಿಕೊಳ್ಳಲಿ.

ದಾಖಲೆಗೆ ವಕೀಲರು ಬೇಕು, ಅದರಲ್ಲಿ ಜುಗ್ಗತನ ಮಾಡಬೇಡಿ. ಋಣಭಾರ ಪತ್ರ, ಆರ್‌ಟಿಸಿ, ಕನ್ವರ್ಷನ್, 9/11 ಅಥವಾ ಇ-ಖಾತೆ, ಎಲ್ಲ ನೋಡಿಸಿ. ನಮ್ಮ ಜಿಲ್ಲೆಯಲ್ಲಿ ಆರ್‌ಟಿಸಿಯಲ್ಲಿ ಕೃಷಿ ಜಾಗ ಎಂದೇ ಉಳಿದ, ಮೇಲೆ ಮಾತ್ರ ಮನೆ ಎದ್ದ ಜಾಗಗಳು ಎಷ್ಟೋ ಇವೆ. ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅಂಥ ಏಲಂ ಮೇಲೆ ನಾಳೆ ತಕರಾರು ಏಳಬಹುದು. ಅನಿವಾಸಿ ಭಾರತೀಯರಂತೂ ಕೃಷಿ ಭೂಮಿ, ತೋಟ ಕೊಳ್ಳುವಂತೆಯೇ ಇಲ್ಲ. ಮಗನ ಹೆಸರಿಗೆ ಬಿಡ್ ಹಾಕುವ ಗಲ್ಫ್ ಕುಟುಂಬಗಳು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಮನೆ ತೆರಿಗೆ, ನೀರಿನ ಬಿಲ್, ಫ್ಲ್ಯಾಟ್ ಆದರೆ ಸಂಘದ ಮೇಂಟೆನೆನ್ಸ್, ಇವುಗಳ ಬಾಕಿಯನ್ನು ಕಚೇರಿಗೆ ಹೋಗಿ ಕೇಳಬಹುದು. ಕರೆಂಟಿನ ವಿಷಯ ಸ್ವಲ್ಪ ಬೇರೆ. "ಅದು ಹಳೆಯವರ ಬಿಲ್, ನಮಗೇನು?" ಅಂತ ವಾದ ಮಾಡುವವರಿದ್ದಾರೆ. 'ಇದ್ದ ಹಾಗೆ' ಕೊಂಡ ಏಲಂ ಆಸ್ತಿಗೆ ಹೊಸ ಕನೆಕ್ಷನ್ ಕೊಡುವಾಗ ಹಳೇ ಬಾಕಿ ಕಟ್ಟಿ ಎಂದು ವಿದ್ಯುತ್ ಕಂಪೆನಿ ನಿಯಮದ ಪ್ರಕಾರ ಕೇಳಬಹುದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಆರ್‌ಆರ್ ನಂಬರು ಹಿಡಿದು ಮೆಸ್ಕಾಂನಲ್ಲಿ ಮೊದಲೇ ವಿಚಾರಿಸಿ.

ಇನ್ನು ಮನೆ ನೋಡುವುದು. ನೋಟೀಸಿನಲ್ಲಿ ಆಸ್ತಿ ನೋಡುವ ದಿನ ಕೊಟ್ಟಿರುತ್ತಾರೆ. ಆ ದಿನ ನೆಂಟರ ದಂಡು ಕಟ್ಟಿಕೊಂಡು ಹೋಗುವುದಕ್ಕಿಂತ ಒಬ್ಬ ಅನುಭವಿ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಅವರ ದಿನಗೂಲಿ ಕೊಟ್ಟೇ ಕರೆಯಿರಿ. ಹಂಚಿನ ಮನೆಯಾದರೆ ಹಂಚು ನೋಡಿ ಹೆದರಬೇಡಿ. ಒಡೆದ ಹಂಚು ಬದಲಿಸಬಹುದು, ಒಳ್ಳೆಯದನ್ನು ತೊಳೆದು ಮತ್ತೆ ಹೊದಿಸಬಹುದು. ನೋಡಬೇಕಾದದ್ದು ಪಕ್ಕಾಸು, ರೀಪು. ಚೂರಿ ಮೊನೆಯಿಂದ ಚುಚ್ಚಿದಾಗ ಮರ ಹುಡಿಯಾಗಿ ಉದುರಿದರೆ ಗೆದ್ದಲು ಕೆಲಸ ಮುಗಿಸಿದೆ ಎಂದರ್ಥ. ಮಾಡನ್ನೇ ಹೊಸದಾಗಿ ಮಾಡಬೇಕಾದೀತು. ಕಾಂಕ್ರೀಟಿನ ತಾರಸಿಯಾದರೆ ಅಡಿಯಿಂದ ಕೋಲಿನಲ್ಲಿ ಬಡಿದು ನೋಡಿ. ಸಮುದ್ರದ ಹತ್ತಿರ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಪದರ ಬಿಟ್ಟಿರುತ್ತದೆ, ಟೊಳ್ಳು ಶಬ್ದ ಬರುತ್ತದೆ. ಇದು ಬಣ್ಣ ಬಳಿದು ಮುಚ್ಚುವ ಕಾಯಿಲೆ ಅಲ್ಲ. ಮುರಕಲ್ಲಿನ ಗೋಡೆಯ ಬುಡದಲ್ಲಿ ತೇವ ಎಲ್ಲಿಯವರೆಗೆ ಏರಿದೆ, ಬಾವಿಯಲ್ಲಿ ಏಪ್ರಿಲ್‌ನಲ್ಲಿ ನೀರು ಇರ್ತದಾ ಅಂತ ನೆರೆಮನೆಯ ಹೆಂಗಸರನ್ನು ಕೇಳಿ. ಬಾವಿಯ ವಿಷಯ ಅವರಿಗೆ ಗೊತ್ತಿರುವಷ್ಟು ಯಾವ ಬ್ರೋಕರಿಗೂ ಗೊತ್ತಿರುವುದಿಲ್ಲ. ಶೌಚದ ಗುಂಡಿ ಎಲ್ಲಿದೆ, ಬಾವಿಗೆ ಎಷ್ಟು ದೂರ ಎಂದೂ ನೋಡಿ.

ಈಗ ಲೆಕ್ಕ. ಹೆಚ್ಚಿನವರು ಬಿಡ್ ಬೆಲೆಯಿಂದ ಶುರು ಮಾಡುತ್ತಾರೆ, ಆಮೇಲೆ ರಿಪೇರಿಗೆ ದುಡ್ಡು ಹುಡುಕುತ್ತಾರೆ. ತಿರುಗಿಸಿ ಬರೆಯಿರಿ. ಒಂದು ಉದಾಹರಣೆ ಹೇಳುತ್ತೇನೆ. ಒಂದು ಕುಟುಂಬದ ಕೈಯಲ್ಲಿ 40 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಮೇಸ್ತ್ರಿ ರಿಪೇರಿಗೆ 8 ಲಕ್ಷ ಎಂದರು. ಹಳೇ ಮನೆ ಒಡೆದ ಮೇಲೆಯೇ ಒಳಗಿನ ರೋಗ ಕಾಣುವುದು, ಅದಕ್ಕೆ ಇನ್ನೂ 1 ಲಕ್ಷದ 60 ಸಾವಿರ ಬೇರೆ ತೆಗೆದಿಡಿ. ಬಾಕಿಗಳಿಗೆ 75 ಸಾವಿರ. ವಕೀಲರು, ದಾಖಲೆ ಓಡಾಟಕ್ಕೆ 40 ಸಾವಿರ. ಸ್ವಾಧೀನ, ಕೆಲಸ ಎಲ್ಲ ಮುಗಿಯುವವರೆಗೆ ಈಗಿನ ಬಾಡಿಗೆ ತಿಂಗಳಿಗೆ 8 ಸಾವಿರದಂತೆ ಒಂದು ವರ್ಷ, 96 ಸಾವಿರ. ಇಲ್ಲಿಗೇ 11 ಲಕ್ಷದ 71 ಸಾವಿರ ಆಯಿತು. ಉಳಿದದ್ದು 28 ಲಕ್ಷ ಚಿಲ್ಲರೆ. ಅದರಲ್ಲೇ ನೋಂದಣಿ ಖರ್ಚೂ ಬರಬೇಕು. ಸ್ಟಾಂಪು ಶುಲ್ಕ 5 ಶೇಕಡಾ, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು 1 ಶೇಕಡಾ ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು ಏಳೂವರೆ ಶೇಕಡಾಕ್ಕಿಂತ ಸ್ವಲ್ಪ ಮೇಲೆ. ಹಾಗಾದರೆ ಈ ಕುಟುಂಬ ಬಿಡ್ ಹಾಕಬಹುದಾದ ಗರಿಷ್ಠ ಮೊತ್ತ 26 ಲಕ್ಷ. ನಲವತ್ತು ಅಲ್ಲ, ಮೂವತ್ತೈದೂ ಅಲ್ಲ. ಆ 26 ಎಂಬ ಅಂಕಿಯನ್ನು ಕಾಗದದಲ್ಲಿ ಬರೆದು ಕಂಪ್ಯೂಟರ್ ಪಕ್ಕ ಇಟ್ಟುಕೊಳ್ಳಿ. ಆನ್‌ಲೈನ್ ಏಲಂನಲ್ಲಿ ಕೊನೆಯ ಹತ್ತು ನಿಮಿಷ ಮನುಷ್ಯನ ಬುದ್ಧಿ ಬೇರೆಯೇ ಆಗಿರುತ್ತದೆ ಮಾರಾಯ್ರೆ. "ಇನ್ನೊಂದು ಇಪ್ಪತ್ತೈದು ಸಾವಿರ ತಾನೇ" ಎನ್ನುತ್ತಾ ಎನ್ನುತ್ತಾ ಮಾಡಿನ ದುಡ್ಡು ಹೋಗುತ್ತದೆ.

ರಿಪೇರಿಯಲ್ಲಿ ಮಾಡು ಮೊದಲು. ಅದು ಮೇ ಕೊನೆಯೊಳಗೆ ಮುಗಿಯಬೇಕು, ಜೂನ್ ಯಾರಿಗೂ ಕಾಯುವುದಿಲ್ಲ. ಆಮೇಲೆ ವಯರಿಂಗ್, ಬಚ್ಚಲು, ಶೌಚಾಲಯ. ಅಡುಗೆ ಕೋಣೆಯ ಗ್ರಾನೈಟ್, ಟೈಲ್ಸ್, ಬಣ್ಣ, ಗೇಟು ಇವೆಲ್ಲ ಮನೆಯಲ್ಲಿ ವಾಸ ಮಾಡುತ್ತಲೇ ಮಾಡಿಸಬಹುದು. ಕುಟ್ಟಿಪೂಜೆಗೆ ಬಂದವರು ಏನಂದಾರು ಎಂಬ ಚಿಂತೆ ನಮ್ಮಲ್ಲಿಲ್ಲ, ಆದರೆ ಮನೆ ಒಕ್ಕಲಿನ ಬಿರಿಯಾನಿ ಊಟದ ಖರ್ಚು ಮಾತ್ರ ಯಾವ ಲೆಕ್ಕದಲ್ಲೂ ಬರೆದಿರುವುದಿಲ್ಲ. ಅದನ್ನೂ ಬರೆಯಿರಿ, ಅಥವಾ ಸಣ್ಣದಾಗಿ ಮಾಡಿ.

ಕೊನೆಗೆ ಬಂಗಾರದ ವಿಷಯ. 75 ಶೇಕಡಾ ಕಟ್ಟುವ ಅವಸರದಲ್ಲಿ ಮೊದಲು ಮಾರಾಟವಾಗುವುದು ಹೆಂಡತಿಯ ಬಂಗಾರ. ಆಕೆಯ ಮಹರ್, ಆಕೆಗೆ ತವರಿನವರು ಕೊಟ್ಟದ್ದು ಆಕೆಯದ್ದೇ ಸೊತ್ತು. ಗಂಡನಿಗೆ ಅದರಲ್ಲಿ ಹಕ್ಕಿಲ್ಲ. ಆಕೆ ಮನಸ್ಸಿನಿಂದ ಕೊಟ್ಟರೆ ತೆಗೆದುಕೊಳ್ಳಬಹುದು, ಆದರೆ ಅದು ಉಡುಗೊರೆಯೋ, ಸಾಲವೋ, ಮನೆಯಲ್ಲಿ ಪಾಲೋ ಎಂದು ಆ ದಿನವೇ ಮಾತಾಡಿ ಬರೆದಿಡಬೇಕು. ಪಾಲು ಎಂದಾದರೆ ಬಿಡ್ ಅರ್ಜಿ ತುಂಬುವಾಗಲೇ ಇಬ್ಬರ ಹೆಸರೂ ಇರಲಿ. ಮಾರಾಟ ಪ್ರಮಾಣಪತ್ರ ಬರುವುದು ಬಿಡ್ ಮಾಡಿದವರ ಹೆಸರಿಗೇ. "ಆಮೇಲೆ ಸೇರಿಸುವ" ಎಂದರೆ ಇನ್ನೊಂದು ಪತ್ರ, ಇನ್ನೊಂದು ನೋಂದಣಿ, ಇನ್ನೊಂದು ಖರ್ಚು.