ಹೆಬ್ಬೆರಳ ಕೆಳಗಿನ ತಕ್ಕಡಿ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ನಮ್ಮ ಮನೆಗೆ ಬಂದಾಗ ಅಂಗೈಯಲ್ಲಿ ಹಿಡಿದು ಆಡುವ ಪುಟ್ಟ ಆಟದ ಯಂತ್ರವೊಂದನ್ನು ಕಟ್ಟುತ್ತ ಕೂತಿದ್ದಳು. ಬಿಡಿಭಾಗ ಬೆಸೆಯಲು ತೂತುಗಳಿರುವ ಒಂದು ಜೀರೊ ಬೋರ್ಡು, ಅದರ ಮೇಲೆ ಕೋಡ್ ಓಡಿಸುವ ಆರ್ಡುಯಿನೊ, 128×64 ಚುಕ್ಕಿಗಳ ಓಎಲ್‌ಇಡಿ ಪರದೆ, ಎಡಗಡೆ ನಾಲ್ಕು ದಿಕ್ಕಿಗೆ ಬೆಸುಗೆ ಹಾಕಿದ ನಾಲ್ಕು ಪುಶ್ ಬಟನ್. ಬಟನ್‌ಗಳ ಮೇಲೆ ಐಸ್‌ಕ್ರೀಂ ಡಬ್ಬದ ಮುಚ್ಚಳದಿಂದ ಕತ್ತರಿಸಿದ ಪ್ಲಸ್ ಆಕಾರದ ತುಂಡು. ನೋಡಲು ಥೇಟ್ ಡಿ-ಪ್ಯಾಡ್, ಅಂದರೆ ಆಟದ ಯಂತ್ರಗಳಲ್ಲಿ ದಿಕ್ಕು ಒತ್ತುವ ಪ್ಲಸ್ ಗುಂಡಿ. ಆದರೆ ಬಲಕ್ಕೆ ಒತ್ತಿದರೆ ಪರದೆಯ ಚುಕ್ಕಿ ಬಲಕ್ಕೂ ಹೋಗುತ್ತಿತ್ತು, ಮೇಲಕ್ಕೂ ಹೋಗುತ್ತಿತ್ತು. "ಕೋಡ್ ಸರಿ ಇದೆ ಮಾಮ, ನಾಲ್ಕು ಸಲ ನೋಡ್ದೆ" ಅಂದಳು. ಕೋಡ್ ನಿಜಕ್ಕೂ ಸರಿಯಿತ್ತು. ವೈರಿಂಗೂ ಸರಿಯಿತ್ತು. ಇಲ್ಲದಿದ್ದದ್ದು ಆ ಪ್ಲಸ್ಸಿನ ಕೆಳಗೆ, ನಟ್ಟನಡುವೆ ಇರಬೇಕಾದ ಒಂದು ಉಬ್ಬು.

ಮನೆಯಲ್ಲೇ ಇಂಥ ಯಂತ್ರ ಕಟ್ಟುವವರನ್ನು ಬಹಳ ನೋಡಿದ್ದೇನೆ. ಪರದೆ, ಬ್ಯಾಟರಿ, ಕೋಡ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡವರು ಡಿ-ಪ್ಯಾಡನ್ನು ಮಾತ್ರ ಕೊನೆಯ ಸಂಜೆಗೆ ಉಳಿಸಿಕೊಂಡಿರುತ್ತಾರೆ. ಆಟಕ್ಕೂ ಆಡುವವರಿಗೂ ನಡುವೆ ಇರುವ ಸೇತುವೆ ಅದೊಂದೇ. ಅದರ ಬಗ್ಗೆ ಬಾಯಿಂದ ಬಾಯಿಗೆ ಹರಿದು ಬಂದಿರುವ ತಪ್ಪು ತಿಳಿವಳಿಕೆಗಳಿಂದ ಎಷ್ಟೋ ಮಕ್ಕಳ ಯಂತ್ರಗಳು ಅರ್ಧಕ್ಕೇ ನಿಂತು ಅಟ್ಟ ಸೇರಿವೆ. ಅದು ನನಗೆ ಬೇಸರದ ಸಂಗತಿ.

"ನಾಲ್ಕು ಬಟನ್ ಮೇಲೆ ಒಂದು ಪ್ಲಸ್ ಕೂರಿಸಿದರೆ ಡಿ-ಪ್ಯಾಡ್ ಆಯಿತು"

ಉಳಿದ ತೊಂದರೆಗಳಿಗೆಲ್ಲ ಬೇರು ಈ ನಂಬಿಕೆ. ಡಿ-ಪ್ಯಾಡ್ ಅಂದರೆ ಒಂದು ತಕ್ಕಡಿ. ನಡುವೆ ಒಂದು ಆಧಾರ, ಅದರ ಮೇಲೆ ಬಗ್ಗದ ದಂಡ. ಈ ತುದಿ ಇಳಿದರೆ ಆ ತುದಿ ಏಳಲೇಬೇಕು. ಅಂಗಡಿಯ ತಕ್ಕಡಿಗೆ ಎರಡು ತುದಿ, ಇದಕ್ಕೆ ನಾಲ್ಕು. ಬಲದ ತೋಳು ಒತ್ತಿದಾಗ ಎಡದ ತೋಳು ಮೇಲೇಳುತ್ತದೆ, ಮೇಲಿನ ಮತ್ತು ಕೆಳಗಿನ ತೋಳುಗಳು ಇದ್ದಲ್ಲೇ ತುಸು ಹೊರಳುತ್ತವೆ. ನಡುವಿನ ಆಧಾರ ಇಲ್ಲದಿದ್ದರೆ ಪ್ಲಸ್ಸು ನೇರವಾಗಿ ಬಟನ್‌ಗಳ ತಲೆಯ ಮೇಲೆ ಕೂರುತ್ತದೆ. ಆಗ ಬಲಕ್ಕೆ ಒತ್ತಿದರೆ ಅದಕ್ಕೆ ಊರಲು ಸಿಗುವುದು ಮೇಲಿನ ಮತ್ತು ಕೆಳಗಿನ ಬಟನ್‌ಗಳೇ. ಅವೆರಡರಲ್ಲಿ ಯಾವುದು ಕೂದಲೆಳೆಯಷ್ಟು ಎತ್ತರಕ್ಕಿದೆಯೋ ಅದೂ ಜೊತೆಗೇ ಒತ್ತಿಹೋಗುತ್ತದೆ. ಹುಡುಗಿಯ ಚುಕ್ಕಿ ಬಲಕ್ಕೆ ಹೋಗುವಾಗ ಮೇಲಕ್ಕೂ ಏರುತ್ತಿದ್ದದ್ದು ಇದಕ್ಕೇ.

ಈ ಪ್ಲಸ್ಸನ್ನು ನಾವು ಇಂದು ಕಾಣುವ ರೂಪಕ್ಕೆ ತಂದದ್ದು ಜಪಾನಿನ ನಿಂಟೆಂಡೊದಲ್ಲಿದ್ದ ಗುಂಪೇ ಯೊಕೊಯಿ, 1982ರ ಡಾಂಕಿ ಕಾಂಗ್ 'ಗೇಮ್ ಅಂಡ್ ವಾಚ್' ಯಂತ್ರದಲ್ಲಿ. ಅದರ ಹಿಂದಿನ ವರ್ಷ ಆರ್ಕೇಡುಗಳಿಗೆ ಬಂದಿದ್ದ ಡಾಂಕಿ ಕಾಂಗನ್ನು ಆಡುತ್ತಿದ್ದದ್ದು ಉದ್ದನೆಯ ಜಾಯ್‌ಸ್ಟಿಕ್ಕಿನಲ್ಲಿ. ಪುಸ್ತಕದ ಹಾಗೆ ಮಡಚುವ ಯಂತ್ರದಲ್ಲಿ ಅಂಥ ಕಡ್ಡಿ ಎದ್ದು ನಿಂತಿರಲು ಜಾಗವಿಲ್ಲ. ಹಾಗೆಂದು ನಾಲ್ಕು ಬಿಡಿ ಗುಂಡಿ ಕೊಟ್ಟರೆ ಬೆರಳು ಎಲ್ಲಿದೆಯೆಂದು ಆಗಾಗ ಕೆಳಗೆ ನೋಡಬೇಕು. ನಾಲ್ಕನ್ನೂ ಒಂದೇ ತುಂಡಾಗಿ ಬೆಸೆದರೆ ಹೆಬ್ಬೆರಳು ಎತ್ತುವ ಪ್ರಮೇಯವೇ ಇಲ್ಲ, ಹೊರಳಿಸಿದರೆ ಸಾಕು. ಮರುವರ್ಷ ನಿಂಟೆಂಡೊದ್ದೇ ಫ್ಯಾಮಿಕಾಮ್, 1989ರಲ್ಲಿ ಗೇಮ್ ಬಾಯ್ ಇದೇ ಪ್ಲಸ್ಸನ್ನು ಹೊತ್ತು ಬಂದವು. 90ರ ದಶಕದಲ್ಲಿ ನಮ್ಮ ಮನೆಗಳ ಟಿವಿಗೆ ಸಿಕ್ಕಿಸುತ್ತಿದ್ದ ಎಂಟು ಬಿಟ್‌ನ ವಿಡಿಯೋ ಗೇಮುಗಳಲ್ಲಿ ಬಹುಪಾಲು ಆ ಫ್ಯಾಮಿಕಾಮ್‌ನ ನಕಲುಗಳೇ. ಹಾಗಾಗಿ ಹೆಸರು ಗೊತ್ತಿಲ್ಲದೆಯೂ ಯೊಕೊಯಿಯ ತಕ್ಕಡಿಯನ್ನು ನಮ್ಮಲ್ಲಿ ಅನೇಕರು ಒತ್ತಿದ್ದೇವೆ.

ತಕ್ಕಡಿಯಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಎಡ ಮತ್ತು ಬಲ ಒಟ್ಟಿಗೆ ಒತ್ತುವುದು ಅಸಾಧ್ಯವಾಗುತ್ತದೆ. ಆ ಕಾಲದ ಎಷ್ಟೋ ಆಟಗಳನ್ನು ಹಾಗಾಗುವುದಿಲ್ಲ ಎಂಬ ಭರವಸೆಯ ಮೇಲೆಯೇ ಬರೆದಿದ್ದಾರೆ. 1987ರ ಎರಡನೆಯ ಜೆಲ್ಡಾ ಆಟಕ್ಕೆ ಎಡವನ್ನೂ ಬಲವನ್ನೂ ಒಟ್ಟಿಗೆ ಕಳಿಸಿ ನೋಡಿ, ನಾಯಕ ಲಿಂಕ್ ಹಿಡಿತ ತಪ್ಪಿದ ವೇಗದಲ್ಲಿ ಜಾರಿಹೋಗುತ್ತಾನೆ. ಜಾತ್ರೆಯಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್‌ನಲ್ಲಿ, ನಿಂಟೆಂಡೊ ಸ್ವಿಚ್‌ನ ಎಡ ಜಾಯ್‌ಕಾನ್‌ನಲ್ಲಿ ಇರುವಂತೆ ನೀವು ನಾಲ್ಕು ಬಿಡಿ ಗುಂಡಿಗಳನ್ನೇ ಇಡುವುದಾದರೆ ಅದೂ ತಪ್ಪಲ್ಲ. ಆದರೆ ಎದುರುಬದುರು ದಿಕ್ಕು ಒಟ್ಟಿಗೆ ಬಂದರೆ ಎರಡನ್ನೂ ಬಿಟ್ಟುಬಿಡು ಎಂದು ಕೋಡಿನಲ್ಲಿ ಎರಡು ಸಾಲು ಬರೆದುಕೊಳ್ಳಿ.

ಆ ಉಬ್ಬಿನ ಎತ್ತರ ಎಷ್ಟಿರಬೇಕು? ಲೆಕ್ಕ ಹಾಕಿದರೆ ವಿಷಯ ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ. ಎಲ್ಲೆಡೆ ಸಿಗುವ 6×6 ಮಿ.ಮೀ. ಪುಶ್ ಬಟನ್ ಒತ್ತಿದಾಗ ಇಳಿಯುವುದು ಸುಮಾರು 0.25 ಮಿ.ಮೀ. ಮಾತ್ರ. ನಡುವಿನಿಂದ 8 ಮಿ.ಮೀ. ದೂರದಲ್ಲಿ ಬಟನ್ ಇಟ್ಟಿದ್ದರೆ ಪ್ಲಸ್ಸು ವಾಲಬೇಕಾದದ್ದು ಎರಡು ಡಿಗ್ರಿಗಿಂತಲೂ ಕಡಿಮೆ. ಝೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅಂದರೆ ಎರಡು ಹಾಳೆಯ ದಪ್ಪದಷ್ಟು ಹೆಚ್ಚುಕಮ್ಮಿಯಾದರೂ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಉಬ್ಬು ಬಟನ್ ತಲೆಗಿಂತ ಒಂದೆರಡು ಹಾಳೆಯಷ್ಟು ಎತ್ತರವಿದ್ದರೆ ಸರಿ. ಅದಕ್ಕಿಂತ ತಗ್ಗಾದರೆ ಪಕ್ಕದ ಬಟನ್ ಸೇರಿಕೊಳ್ಳುತ್ತದೆ, ತೀರಾ ಎತ್ತರವಾದರೆ ಪ್ಲಸ್ಸು ಲೊಡಲೊಡ ಅನ್ನುತ್ತದೆ, ಬೆರಳು ಬೇಗ ದಣಿಯುತ್ತದೆ.

"ಓರೆ ಹೋಗಲು ಎಂಟು ಸ್ವಿಚ್ ಬೇಕು"

ಬೇಡ. ಬಲ ಮತ್ತು ಮೇಲೆ ಒಟ್ಟಿಗೆ ಒತ್ತಿದರೆ ಅದೇ ಬಲ-ಮೇಲಿನ ಓರೆ. ನಾಲ್ಕು ಸ್ವಿಚ್ಚಿನಿಂದ ಎಂಟು ದಿಕ್ಕು ಬರುತ್ತದೆ. ಗೇಮ್ ಬಾಯ್ ಒಳಗಿನ ಚಿಪ್‌ನಲ್ಲಿ ಬಲ, ಎಡ, ಮೇಲೆ, ಕೆಳಗೆ ಎಂದು ದಿಕ್ಕಿಗೊಂದರಂತೆ ನಾಲ್ಕೇ ಬಿಟ್. ಒತ್ತಿದಾಗ ಆ ಬಿಟ್ ಸೊನ್ನೆಯಾಗುತ್ತದೆ. ಓರೆಗೆ ಎರಡು ಬಿಟ್ ಒಟ್ಟಿಗೆ ಸೊನ್ನೆ.

ಆದರೂ "ಓರೆ ಸರಿಯಾಗಿ ಬರ್ತಿಲ್ಲ" ಎಂಬ ದೂರು ಸುಳ್ಳಲ್ಲ. ಓರೆಯಾಗಿ ವಾಲುವಾಗ ಎರಡು ಬಟನ್‌ಗಳೂ ವಾಲುವ ಗೆರೆಗೆ ಹತ್ತಿರವಾಗುತ್ತವೆ: 8 ಮಿ.ಮೀ. ಇದ್ದದ್ದು ಸುಮಾರು 5.7 ಆಗುತ್ತದೆ. ಹಾಗಾಗಿ ಅಷ್ಟೇ ಇಳಿಸಲು ಪ್ಲಸ್ಸು 1.4 ಪಟ್ಟು ಹೆಚ್ಚು ವಾಲಬೇಕು. ಎರಡು ಬಟನ್ ಒಟ್ಟಿಗೆ ತಳ್ಳುವುದರಿಂದ ಬೆರಳಿನ ಒತ್ತಡವೂ ಸುಮಾರು ಅಷ್ಟೇ ಪಟ್ಟು ಏರುತ್ತದೆ. ಅಂಗಡಿಯಲ್ಲಿ "ಯಾವುದಾದರೂ ಕೊಡಿ" ಎಂದು ಗಟ್ಟಿ ಸ್ಪ್ರಿಂಗಿನ, 260 ಗ್ರಾಂ ಒತ್ತಡದ ಬಟನ್ ತಂದರೆ ಓರೆ ಹೋಗುವುದು ಶಿಕ್ಷೆಯೇ ಆಗುತ್ತದೆ. 100ರಿಂದ 160 ಗ್ರಾಂನದ್ದು ಕೇಳಿ ತನ್ನಿ. ಪ್ಲಸ್ಸಿನ ಮೇಲೆ ಬಟ್ಟಲಿನ ಹಾಗೆ ತುಸು ತಗ್ಗಿದ ದುಂಡು ತಟ್ಟೆಯೊಂದನ್ನು ಅಂಟಿಸಿದರೆ ತೋಳುಗಳ ನಡುವಿನ ಖಾಲಿ ಮೂಲೆಯಲ್ಲೂ ಬೆರಳಿಗೆ ನೆಲೆ ಸಿಗುತ್ತದೆ.

"ಟಕ್ ಅನ್ನುವ ಬಟನ್ ಒಳ್ಳೆಯದು, ರಬ್ಬರ್ ಅಂದರೆ ಅಗ್ಗದ್ದು"

ಗೇಮ್ ಬಾಯ್ ತೆರೆದು ನೋಡಿದವರಿಗೆ ಇದು ಸುಳ್ಳೆಂದು ಗೊತ್ತು. ಅದರ ಡಿ-ಪ್ಯಾಡ್ ಕೆಳಗಿರುವುದು ಒಂದು ರಬ್ಬರ್ ಹಾಳೆ. ಅದರ ಅಡಿಯಲ್ಲಿ ಕಾರ್ಬನ್ನಿನ ನಾಲ್ಕು ಕಪ್ಪು ಬಿಲ್ಲೆ. ಒತ್ತಿದಾಗ ಬಿಲ್ಲೆ ಬೋರ್ಡಿನ ಮೇಲಿನ, ಬಾಚಣಿಗೆಯ ಹಲ್ಲಿನಂತೆ ಹೆಣೆದ ಎರಡು ಗೆರೆಗಳನ್ನು ಮುಟ್ಟಿ ಸೇರಿಸುತ್ತದೆ. ನಿಮ್ಮ ಮನೆಯ ಟಿವಿ ರಿಮೋಟಿನಲ್ಲೂ ಇದೇ ಏರ್ಪಾಡು. ರಬ್ಬರ್ ಸುಮಾರು ಒಂದು ಮಿ.ಮೀ. ಇಳಿಯುವುದರಿಂದ ನಡುವಿನ ಉಬ್ಬು ತುಸು ಹೆಚ್ಚುಕಮ್ಮಿಯಾದರೂ ತಡೆದುಕೊಳ್ಳುತ್ತದೆ, ಓರೆಗೆ ಎರಡು ಬಿಲ್ಲೆ ಮೆತ್ತಗೆ ಒಟ್ಟಿಗೆ ಕೂರುತ್ತವೆ. ಪುಶ್ ಬಟನ್ನಿನಲ್ಲಿ ಒಂದು ಟಕ್ ಆದ ಮೇಲೆ ಇನ್ನೊಂದು ಟಕ್ ಬರುತ್ತದೆ. ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಇಂದಿಗೂ ಹಳೆಯ ರಿಮೋಟಿನ ರಬ್ಬರೇ.

ಕಾರ್ಬನ್ ತಾಮ್ರದಷ್ಟು ಚೆನ್ನಾಗಿ ಕರೆಂಟ್ ಹರಿಸದು ಎಂಬುದು ನಿಜ. ಅದರಿಂದ ಇಲ್ಲಿ ನಷ್ಟವೇನೂ ಇಲ್ಲ. ಬಟನ್ ಒತ್ತದಿರುವಾಗ ಪಿನ್ನನ್ನು ಒಂದರಲ್ಲೇ ಹಿಡಿದಿಡುವ, ಆರ್ಡುಯಿನೊ ಚಿಪ್ಪಿನ ಒಳಗಿನ ಪುಲ್-ಅಪ್ ರೆಸಿಸ್ಟರ್ 20ರಿಂದ 50 ಕಿಲೋ-ಓಮ್. ಬಿಲ್ಲೆಯ ತಡೆ ಕೆಲವು ನೂರು ಓಮ್ ಇದ್ದರೂ ಚಿಪ್ಪಿಗೆ ಅದು ಸ್ಪಷ್ಟವಾಗಿ ಸೊನ್ನೆಯೇ. ಪೆನ್ಸಿಲ್ ಸೀಸ ಉಜ್ಜಿ ಬಿಲ್ಲೆ ಮಾಡಬಹುದು ಎಂದು ಕೆಲವರು ಹೇಳುತ್ತಾರೆ. ಮೊದಲ ದಿನ ಕೆಲಸ ಮಾಡುತ್ತದೆ, ಆಮೇಲೆ ಪುಡಿಯಾಗಿ ಉದುರುತ್ತದೆ. ಹಳೆಯ ಬಿಲ್ಲೆಯನ್ನು ಉಪ್ಪುಕಾಗದದಲ್ಲಿ ಉಜ್ಜುವುದಂತೂ ಬೇಡವೇ ಬೇಡ, ಕಾರ್ಬನ್ ಪದರವೇ ಕಿತ್ತುಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಸಾಕು.

ರಿಮೋಟಿನ ಬೋರ್ಡನ್ನೂ ಬಿಸಾಡಬೇಡಿ. ಓಕೆ ಗುಂಡಿಯ ಸುತ್ತಲಿನ ನಾಲ್ಕು ಬಾಣದ ಭಾಗವನ್ನು ಹ್ಯಾಕ್ಸಾದಿಂದ ಕೊಯ್ದುಕೊಂಡರೆ ಗೆರೆಗಳು ಸಿದ್ಧವಾಗಿಯೇ ಸಿಗುತ್ತವೆ. ಕಾರ್ಬನ್ ಗೆರೆಯ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಅದಕ್ಕೆ ಸೇರುವ ತಾಮ್ರದ ಗೆರೆಯ ಮೇಲಿನ ಬಣ್ಣವನ್ನು ಬ್ಲೇಡಿನಿಂದ ಕೆರೆದು, ಹೊಳಪು ಕಂಡ ಮೇಲೆ ವೈರ್ ಬೆಸೆಯಬೇಕು.

ತಂತಿ, ಕೋಡುಗಳ ಸುತ್ತ

ಇಲ್ಲಿ ನಂಬಿಕೆಗಳು ಹಲವು, ಉತ್ತರಗಳು ಸಣ್ಣವು. ಪುಶ್ ಬಟನ್ನಿಗೆ ನಾಲ್ಕು ಕಾಲಿವೆ ಎಂದ ಮಾತ್ರಕ್ಕೆ ಅದರಲ್ಲಿ ನಾಲ್ಕು ಸಂಪರ್ಕವಿಲ್ಲ. ಎರಡೆರಡು ಕಾಲು ಒಳಗೇ ಕೂಡಿಕೊಂಡಿವೆ. ತಪ್ಪು ಜೋಡಿಗೆ ಬೆಸೆದರೆ ಆ ದಿಕ್ಕು ಸದಾ ಒತ್ತಿದಂತೆಯೇ ಇರುತ್ತದೆ. ಮೂಲೆಯಿಂದ ಎದುರು ಮೂಲೆಯ ಕಾಲಿಗೆ ಬೆಸೆದರೆ ಬಟನ್ ಹೇಗೆ ತಿರುಗಿದ್ದರೂ ತಪ್ಪಾಗದು. ಹೊರಗಿನಿಂದ ರೆಸಿಸ್ಟರ್ ಹಾಕುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಒಂದು ಕಾಲು ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ, ಒಳಗಿನ ಪುಲ್-ಅಪ್ ಆನ್, ಅಷ್ಟೇ.

ಪಿನ್ ಉಳಿಸಲು ನಾಲ್ಕೂ ಬಟನ್ನನ್ನು ರೆಸಿಸ್ಟರ್ ಸರಪಳಿಯಲ್ಲಿ ಕಟ್ಟಿ ಒಂದೇ ಅನಲಾಗ್ ಪಿನ್ನಿಗೆ ಕೊಡುವ ಉಪಾಯವೊಂದಿದೆ. ಮೆನು ಒತ್ತಲು ಅದು ಚೆನ್ನ, ಆಟಕ್ಕೆ ಒಗ್ಗದು. ಎರಡು ಬಟನ್ ಒಟ್ಟಿಗೆ ಒತ್ತಿದರೆ ಪಿನ್ನಿಗೆ ಹತ್ತಿರದ್ದು ಮಾತ್ರ ಕಾಣುತ್ತದೆ, ಹಿಂದಿನದು ಮರೆಯಾಗುತ್ತದೆ. ಓರೆ ಅಲ್ಲಿಗೆ ಹೋಯಿತು.

"ಬಟನ್ ಅದುರುತ್ತದೆ, ಅದಕ್ಕೆ ಕೆಪಾಸಿಟರ್ ಹಾಕಲೇಬೇಕು" ಎಂಬ ಮಾತು ಅರ್ಧ ಸತ್ಯ. ಲೋಹದ ಸಂಪರ್ಕ ಕೂಡುವಾಗ ಕೆಲವು ಮಿಲಿಸೆಕೆಂಡ್ ಅದುರುವುದು ಹೌದು. ಆದರೆ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುವ ಆಟ, ಚಿತ್ರಕ್ಕೊಂದು ಸಲ ಬಟನ್ ನೋಡಿದರೆ, ಎರಡು ನೋಟಗಳ ನಡುವೆ 16.7 ಮಿಲಿಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಅದುರು ನಿಂತಿರುತ್ತದೆ. ತಡವಿಲ್ಲದೆ ಸೆಕೆಂಡಿಗೆ ಸಾವಿರಾರು ಸಲ ಓದುವ ಕೋಡಿನಲ್ಲಿ ಮಾತ್ರ ಒಂದು ಒತ್ತು ನಾಲ್ಕಾಗಿ ಎಣಿಕೆಯಾಗುತ್ತದೆ. ವೈರ್ ಉದ್ದವಾದರೆ ಆಟ ನಿಧಾನವಾಗುತ್ತದೆ ಎಂಬುದರಲ್ಲಿ ಹುರುಳಿಲ್ಲ. ಗೇಣುದ್ದದ ವೈರ್ ದಾಟಲು ಸಂಕೇತಕ್ಕೆ ಬೇಕಾದದ್ದು ಒಂದೆರಡು ನ್ಯಾನೋಸೆಕೆಂಡ್.

ಪೇಟೆಂಟ್ ಭಯವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಈ ಬಹುದಿಕ್ಕಿನ ಸ್ವಿಚ್ಚಿಗೆ ನಿಂಟೆಂಡೊ 1987ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. ಅದರಲ್ಲಿ ಸಂಶೋಧಕರೆಂದು ಇರುವ ಹೆಸರು ಇಚಿರೊ ಶಿರಾಯಿ. ಅದರ ಅವಧಿ ಮುಗಿದು ಎಷ್ಟೋ ವರ್ಷಗಳಾದವು. ಮನೆಯಲ್ಲಿ ಪ್ಲಸ್ಸು ಕೊಯ್ಯಲು ಯಾರ ಅಪ್ಪಣೆಯೂ ಬೇಡ.

"3ಡಿ ಪ್ರಿಂಟರ್ ಇಲ್ಲದೆ ಆಗದು"

ಯೊಕೊಯಿಯ ಕಾಲದಲ್ಲಿ ಮನೆಮನೆಗೆ ಅದು ಇರಲಿಲ್ಲ, ಇಂದೂ ನಮ್ಮ ಹೆಚ್ಚಿನ ಶಾಲೆಗಳಲ್ಲಿ ಇಲ್ಲ. ಇದ್ದರೆ ಒಳ್ಳೆಯದೇ. ಆದರೆ ಪ್ರಿಂಟಾದ ತುಂಡು ಪದರ ಪದರವಾಗಿ ಬೆಳೆದಿರುವುದರಿಂದ ನಡುವಿನ ಸಣ್ಣ ಕಂಬ ಪದರದ ಗೆರೆಯಲ್ಲೇ ಮುರಿಯುವುದುಂಟು. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಟ್ಟು ಮರೆಯುವ ಹಾಗಿಲ್ಲ.

ಪ್ಲಸ್ಸಿಗೆ ಮುಖ್ಯವಾಗಿ ಬೇಕಾದದ್ದು ಬಗ್ಗದ ಗುಣ. ಐಸ್‌ಕ್ರೀಂ ಮುಚ್ಚಳ ಅಲ್ಲೇ ಸೋತಿತ್ತು: ಬಲ ಒತ್ತಿದರೆ ಆ ತೋಳು ಬಳುಕುತ್ತಿತ್ತೇ ಹೊರತು ಎಡದ ತೋಳನ್ನು ಎತ್ತುತ್ತಿರಲಿಲ್ಲ. ನಾವು ಬೀದಿಕೊನೆಯ ನಾಮಫಲಕದ ಅಂಗಡಿಗೆ ಹೋಗಿ, ಕತ್ತರಿಸಿ ಉಳಿದ 3 ಮಿ.ಮೀ. ಅಕ್ರಿಲಿಕ್ ಚೂರೊಂದನ್ನು ಕೇಳಿ ತಂದೆವು. ಗರಗಸದಲ್ಲಿ ಪ್ಲಸ್ಸು ಕೊಯ್ದು ಅಂಚನ್ನು ಉಪ್ಪುಕಾಗದಕ್ಕೆ ತಿಕ್ಕಿದಳು. ಬೋರ್ಡಿನ ನಡುವೆ ಬಟಾಣಿಗಿಂತ ಚಿಕ್ಕದೊಂದು ಎಂ-ಸೀಲ್ ಉಂಡೆ ಕೂರಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗ್ಗೆ ಸ್ಟೀಲ್ ಸ್ಕೇಲನ್ನು ಎಡ-ಬಲ ಬಟನ್‌ಗಳ ಮೇಲೆ ಅಡ್ಡ ಇಟ್ಟು ನೋಡಿದೆವು. ಸ್ಕೇಲು ಉಂಡೆಯ ಮೇಲೆ ತೂಗಾಡಬೇಕು, ಆದರೆ ಅತ್ತಿತ್ತ ತೀರಾ ವಾಲಬಾರದು. ಉಂಡೆಯನ್ನು ಚೂರುಚೂರೇ ಉಜ್ಜಿ ತಗ್ಗಿಸಿದಳು. ಒಂದು ಸಲ ಹೆಚ್ಚೇ ಉಜ್ಜಿಹೋಗಿ, ಅದರ ತಲೆಗೆ ಎರಡು ಚೂರು ಹಾಳೆ ಅಂಟಿಸಬೇಕಾಯಿತು. ಪ್ಲಸ್ಸು ಜಾರದಂತೆ ಅದರ ಅಡಿಯಲ್ಲಿ ಡ್ರಿಲ್ ಮೊನೆಯಿಂದ ಸಣ್ಣ ಕುಳಿ ಮಾಡಿದೆ.

ಸರಿಯಾಯಿತೋ ಇಲ್ಲವೋ ನೋಡಲು ಆಟವೇ ಬೇಕಿಲ್ಲ. ಹೋದಲ್ಲೆಲ್ಲ ಗೆರೆ ಬಿಡುವ ಒಂದು ಚುಕ್ಕಿಯನ್ನು ಪರದೆಯ ಮೇಲೆ ಬರೆಸಿ, ಹೆಬ್ಬೆರಳನ್ನು ಎತ್ತದೆ ಪ್ಲಸ್ಸಿನ ಅಂಚಿನಲ್ಲಿ ಗುಂಡಗೆ ಹೊರಳಿಸಿ. ಎಂಟು ದಿಕ್ಕೂ ಸಿಕ್ಕರೆ ಎಂಟು ಮೂಲೆಯ ಬಳೆ ಮೂಡುತ್ತದೆ. ಅವಳ ಮೊದಲ ಬಳೆ ಕೆಳಗಿನ ಎಡಮೂಲೆಯಲ್ಲಿ ಮುರಿದಿತ್ತು. ಅಲ್ಲಿ ಚುಕ್ಕಿ ಓರೆ ಹೋಗದೆ ಮೆಟ್ಟಿಲಿನ ಹಾಗೆ ಇಳಿಯುತ್ತಿತ್ತು. ಕೆಳಗಿನ ಬಟನ್ ಬೋರ್ಡಿಗೆ ಪೂರ್ತಿ ಅಂಟಿರಲಿಲ್ಲ, ಒಂದು ಕಡೆ ಎದ್ದು ವಾರೆಯಾಗಿ ಕೂತಿತ್ತು. ಬೆಸುಗೆ ಕರಗಿಸಿ ಅದನ್ನು ಬೆರಳಿನಿಂದ ಅದುಮಿ ಕೂರಿಸಿದೆವು. "ಈಗ ನೋಡು ಮಾಮ" ಎಂದು ಬೆರಳು ಹೊರಳಿಸಿದಳು. ಗೆರೆ ಹೊರಟಲ್ಲಿಗೇ ಬಂದು ಕೂಡಿತು.