ಎಂಜಿನ್ನಿಗೆ ಗೇರ್ ಬಾಕ್ಸ್ ಕೂಡಿಕೊಂಡ ಬಗೆ

1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರಿಗೆ ಹೊರಟರು. ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಚಕ್ರದ ಮೋಟಾರು ಗಾಡಿ, ನೂರು ಕಿಲೋಮೀಟರಿಗೆ ತುಸು ಮಿಕ್ಕ ದಾರಿ. ಸಮನೆಲದಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಏರು ಎದುರಾದಲ್ಲೆಲ್ಲ ಮಕ್ಕಳು ಇಳಿದು ತಳ್ಳಬೇಕಾಯಿತು. ದಿಬ್ಬ ಹತ್ತಲು ಇನ್ನೊಂದು ಗೇರು ಬೇಕೇಬೇಕು ಎಂಬ ಮಾತು ಆ ಪ್ರಯಾಣದಿಂದಲೇ ಬೆಂಜ್ ಅವರ ಕಿವಿಗೆ ಬಿತ್ತು.

ಪೆಟ್ರೋಲ್ ಎಂಜಿನ್ನಿನ ಸ್ವಭಾವವೇ ಹಾಗೆ. ಉಗಿಬಂಡಿ ನಿಂತಲ್ಲಿಂದಲೇ ಪೂರ್ತಿ ಬಲ ಹಾಕಿ ಎಳೆಯಬಲ್ಲದು. ಪೆಟ್ರೋಲ್ ಎಂಜಿನ್ ಮೊದಲು ತಾನು ತಿರುಗುತ್ತಿರಬೇಕು, ಆಮೇಲೆಯೇ ಅದಕ್ಕೆ ಕಸುವು. ನಿಂತ ಚಕ್ರಕ್ಕೆ ನೇರವಾಗಿ ಕಟ್ಟಿದರೆ ಉಸಿರು ನಿಲ್ಲಿಸಿಬಿಡುತ್ತದೆ. ಹಾಗಾಗಿ ಎಂಜಿನ್ನನ್ನು ಚಕ್ರದಿಂದ ಬಿಡಿಸುವುದೂ ತಿಳಿದಿರಬೇಕು, ಮೆಲ್ಲಗೆ ಮತ್ತೆ ಕೂಡಿಸುವುದೂ ತಿಳಿದಿರಬೇಕು. ಗೇರ್ ಬಾಕ್ಸಿನ ಚರಿತ್ರೆಯನ್ನು ಹಲ್ಲುಗಳ ಚರಿತ್ರೆಯಾಗಿ ಬರೆಯುವವರೇ ಹೆಚ್ಚು. ನನಗೆ ಅದು ಈ ಕೂಡಿಕೆಯ ಚರಿತ್ರೆಯಾಗಿ ಕಾಣುತ್ತದೆ.

ಇವತ್ತಿಗೂ ನಮಗೆ ಪರಿಚಿತವಾದ ಜೋಡಣೆಯನ್ನು 1891ರಲ್ಲಿ ರೂಢಿಗೆ ತಂದವರು ಫ್ರಾನ್ಸಿನ ಎಮಿಲ್ ಲೆವಸೋರ್. ಮುಂದೆ ಎಂಜಿನ್, ಅದರ ಬೆನ್ನಿಗೆ ಕ್ಲಚ್, ಅದರ ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರಗಳಿಗೆ ಚೈನು. ಲಿವರ್ ತಳ್ಳಿದರೆ ಒಂದು ಗೇರು ಸರಿದು ಇನ್ನೊಂದರ ಹಲ್ಲಿಗೆ ಹಲ್ಲು ಕೊಡುತ್ತಿತ್ತು, ಕರಕರ ಸದ್ದಿನೊಂದಿಗೆ. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಅವರು ಇಂಥದೇ ಗಾಡಿಯಲ್ಲಿ 48 ಗಂಟೆ 48 ನಿಮಿಷಕ್ಕೆ ಎಲ್ಲರಿಗಿಂತ ಮೊದಲು ಬಂದು ಮುಟ್ಟಿದರು.

ಮೂರು ವರ್ಷದ ನಂತರ, 1898ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಲೂಯಿ ರೆನೋ ಎಂಬ ಇಪ್ಪತ್ತೊಂದರ ಹುಡುಗ ಪ್ಯಾರಿಸ್ಸಿನ ಮೊಂಮಾರ್ತ್ರ ದಿಬ್ಬದ ಕಡಿದಾದ ಬೀದಿಯಲ್ಲಿ ತನ್ನ ಪುಟ್ಟ ಗಾಡಿ ಹತ್ತಿಸಿ ತೋರಿಸಿದ. ಅವನ ಗೇರ್ ಬಾಕ್ಸಿನಲ್ಲಿ ಟಾಪ್ ಗೇರ್ ಎಂದರೆ ಎಂಜಿನ್ ಕಡೆಯ ಶಾಫ್ಟೂ ಚಕ್ರದ ಕಡೆಯ ಶಾಫ್ಟೂ ನೇರ ಒಂದೇ ಸಾಲಿನಲ್ಲಿ ಬೆಸೆದುಕೊಳ್ಳುವುದು. ನಡುವೆ ಹಲ್ಲುಗಳ ಮಧ್ಯಸ್ತಿಕೆ ಇಲ್ಲ, ಸದ್ದಿಲ್ಲ, ಬಲ ಸೋರುವುದೂ ಕಡಿಮೆ. ಮುಂದೆ ಹಲವು ದಶಕಗಳ ಕಾಲ ಹಿಂಬದಿ ಚಕ್ರ ಎಳೆಯುವ ಕಾರುಗಳಲ್ಲಿ ಇದೇ ಪದ್ಧತಿ ನಡೆಯಿತು.

ಆದರೆ ಆ ಕಾಲದ ಎಷ್ಟೋ ಕಾರುಗಳಲ್ಲಿ ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ. ಎರಡನ್ನೂ ಚಾಸಿಗೆ ಬಿಡಿಬಿಡಿಯಾಗಿ ಬೋಲ್ಟ್ ಮಾಡಿ ನಡುವೆ ತುಂಡು ಶಾಫ್ಟ್ ಕೊಡುತ್ತಿದ್ದರು. ಹದಗೆಟ್ಟ ರಸ್ತೆಯಲ್ಲಿ ಚಾಸಿ ತಿರುಚಿಕೊಂಡರೆ ಎರಡರ ಸಾಲು ತಪ್ಪುತ್ತಿತ್ತು. ಇದಕ್ಕೆ ಪರಿಹಾರ ಎರಡನ್ನೂ ಒಂದೇ ಮೈ ಮಾಡುವುದು. 1908ರ ಫೋರ್ಡ್ ಮಾಡೆಲ್ ಟಿ ಹೀಗೇ ಬಂತು, ಅದರ ಗೇರಿನ ಬಗೆ ಬೇರೆಯಾದರೂ. ಕಾಲಕ್ರಮದಲ್ಲಿ ಕ್ಲಚ್ಚನ್ನು ಒಳಗಿಟ್ಟುಕೊಂಡ ಗಂಟೆಯಾಕಾರದ ಬೆಲ್ ಹೌಸಿಂಗ್ ಎಲ್ಲೆಡೆ ರೂಢಿಯಾಯಿತು.

ಉಳಿದಿದ್ದು ಕರಕರ ಸದ್ದು. ಗೇರು ಇಳಿಸುವಾಗ ಎರಡು ಸಲ ಕ್ಲಚ್ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು ವೇಗ ಹೊಂದಿಸುವ ಡಬಲ್ ಕ್ಲಚ್ ಕಲಿಯದೆ ಡ್ರೈವರ್ ಆಗುವಂತಿರಲಿಲ್ಲ. ಅಮೆರಿಕದ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು: ಹಲ್ಲು ಕೂಡುವ ಮೊದಲೇ ಒಂದು ಶಂಕುವಿನಾಕಾರದ ಬಿಲ್ಲೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಇದೇ ಥಾಂಪ್ಸನ್ ಮುಂದೆ ಕ್ಲಚ್ ಪೆಡಲನ್ನೇ ತೆಗೆದುಹಾಕಿದ ಹೈಡ್ರಾಮ್ಯಾಟಿಕ್ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಕೆಲಸವನ್ನೂ ಮುನ್ನಡೆಸಿದರು.

ನಮ್ಮ ಅಂಬಾಸಿಡರ್ ಈ ವಂಶದ ಕುಡಿಯೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಿಂದ ಬಂದ ಈ ಕಾರಿಗೆ ನಾಲ್ಕು ಗೇರು, ಲಿವರ್ ಸ್ಟೀರಿಂಗ್ ಪಕ್ಕದಲ್ಲಿ. ಮೇಲಿನ ಮೂರಕ್ಕೆ ಸಿಂಕ್ರೋಮೆಶ್ ಇತ್ತು, ಫಸ್ಟ್ ಗೇರಿಗೆ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಫಸ್ಟ್ ಹಾಕಿದರೆ ಅದು ಅರಚುತ್ತಿದ್ದುದು ಅದಕ್ಕೇ.

ಇಂಥ ಕಾರಿನ ಗೇರ್ ಬಾಕ್ಸನ್ನು ಎಂಜಿನ್ನಿಗೆ ಏರಿಸುವುದನ್ನು ಹತ್ತಿರ ನಿಂತು ನೋಡಬೇಕು. ಫ್ಲೈವೀಲಿನ ಮುಖಕ್ಕೆ ಎಣ್ಣೆಯ ಪಸೆ ಇರಕೂಡದು. ಕ್ಲಚ್ ಪ್ಲೇಟಿಗೆ ಮುಂದು ಹಿಂದು ಉಂಟು. ಉಲ್ಟಾ ಕೂರಿಸಿದರೆ ಕ್ಲಚ್ ಬಿಡುವುದೇ ಇಲ್ಲ. ಪ್ರೆಶರ್ ಪ್ಲೇಟ್ ಬಿಗಿಯುವ ಮೊದಲು ಹಳೆಯ ಇನ್‌ಪುಟ್ ಶಾಫ್ಟನ್ನೇ ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತರುತ್ತಾರೆ, ಅದರ ತುದಿ ಕ್ರ್ಯಾಂಕ್ ಶಾಫ್ಟಿನ ಪೈಲಟ್ ಬುಷ್ಷಿನಲ್ಲಿ ಕೂರುವಂತೆ. ಆಮೇಲೆ ಗೇರ್ ಬಾಕ್ಸನ್ನು ಟಾಪ್ ಗೇರಿನಲ್ಲಿಟ್ಟು ಜ್ಯಾಕಿನ ಮೇಲೆ ಮೆಲ್ಲಗೆ ಮುಂದೊತ್ತುತ್ತಾರೆ. ಹೆಲ್ಪರ್ ಹುಡುಗ ಬಲ ಹಾಕಿದರೆ ಮೇಸ್ತ್ರಿ ಗದರುತ್ತಾರೆ: “ಗುದ್ದಬೇಡ ಮಗಾ, ಹಿಂದಿನಿಂದ ತಿರುಗಿಸು.” ಹಿಂದಿನ ಫ್ಲಾಂಜ್ ಒಂದಿಷ್ಟು ತಿರುಗಿದರೆ ಶಾಫ್ಟಿನ ಗೀರುಗಳು ಪ್ಲೇಟಿನ ಗೀರುಗಳಿಗೆ ಹೊಂದಿ, ಬಾಕ್ಸ್ ತಾನಾಗಿ ಜಾರಿ ಕೂರುತ್ತದೆ. ಇನ್ನೂ ಸಂದು ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆದುಕೊಳ್ಳುವ ಅವಸರ ಮಾಡಬಾರದು. ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ. ಅರ್ಧ ಸಿಕ್ಕಿಸಿದ ಬಾಕ್ಸನ್ನು ನೇತುಬಿಟ್ಟು ಊಟಕ್ಕೆ ಹೋಗುವುದಂತೂ ಕೂಡದು, ಅಷ್ಟೂ ಭಾರ ಬಿದ್ದು ಕ್ಲಚ್ ಪ್ಲೇಟಿನ ನಡು ಸೊಟ್ಟಗಾಗುತ್ತದೆ.

ತೊಂಬತ್ತರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು 1.8 ಲೀಟರ್ ಎಂಜಿನ್ ಬಂದಾಗ ಜೊತೆಗೇ ಐದು ಗೇರಿನ ಬಾಕ್ಸೂ ಬಂತು, ಲಿವರ್ ನೆಲಕ್ಕಿಳಿಯಿತು. ಒಂದು ಕಂಪನಿಯ ಎಂಜಿನ್ನಿಗೆ ಇನ್ನೊಂದರ ಐದು ಗೇರಿನ ಬಾಕ್ಸ್ ಸೇರಿಸುವ ಹಳೆಯ ಕಾರಿನ ಪ್ರೇಮಿಗಳು ಲೋಕದ ಎಲ್ಲೆಡೆ ಇದ್ದಾರೆ. ಹೆದ್ದಾರಿಯಲ್ಲಿ ಎಂಜಿನ್ ಕಿರುಚದೆ ಓಡುತ್ತದೆ ಎಂಬ ಅವರ ಮಾತು ನಿಜ. ಮೂಲ ಬಾಡಿಗೆ ಗ್ಯಾಸ್ ಕಟರ್ ತಾಗಿಸದೆ, ಹಳೆಯ ಬಾಕ್ಸನ್ನು ಗುಜರಿಗೆ ಹಾಕದೆ ಮಾಡಿದರೆ ನನ್ನ ತಕರಾರೂ ಇಲ್ಲ. ಎರಡರ ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸುವುದೇ ಇಲ್ಲಿ ನಿಜವಾದ ಕೆಲಸ. ಕ್ರ್ಯಾಂಕ್ ಶಾಫ್ಟಿನ ಮಧ್ಯಕ್ಕೂ ಬೆಲ್ ಹೌಸಿಂಗಿನ ರಂಧ್ರದ ಮಧ್ಯಕ್ಕೂ 0.005 ಇಂಚಿಗಿಂತ, ಅಂದರೆ ಸುಮಾರು 0.13 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು ಎಂಬುದು ಬಲ್ಲವರು ಪಾಲಿಸುವ ಲೆಕ್ಕ. ಮೀರಿದರೆ ಪೈಲಟ್ ಬುಷ್ ಸವೆಯುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಓಡುತ್ತಿರುವಾಗಲೇ ಗೇರು ನ್ಯೂಟ್ರಲ್‌ಗೆ ಹಾರುತ್ತದೆ. ಆದ್ದರಿಂದ ಕ್ಲಚ್ ಕೂರಿಸುವುದಕ್ಕೂ ಮೊದಲೇ ಕ್ರ್ಯಾಂಕಿಗೆ ಡಯಲ್ ಗೇಜ್ ಕಟ್ಟಿ, ಒಂದು ಸುತ್ತು ತಿರುಗಿಸಿ ನೋಡಬೇಕು; ಮುಳ್ಳು ಹದ್ದು ಮೀರಿದರೆ ಪ್ಲೇಟನ್ನು ಮತ್ತೆ ಲೇಥಿಗೆ ಕಳಿಸಬೇಕು.